ಹಿಂಗಾರಿನ ಏರುಮಡಿ: ಒಣಬೇಸಿಗೆಯ ನಾಡಿನ ಸೇವಂತಿಗೆ ಬಳಗಕ್ಕೆ ಬೆಂಗಳೂರಿನಲ್ಲೊಂದು ನೆಲೆ

ಚಳಿಗಾಲದಲ್ಲಿ ಮಳೆ ಕಂಡು, ಬೇಸಿಗೆಯನ್ನು ಪೂರ್ತಿ ಒಣಗಿಯೇ ಕಳೆಯುವ ನಾಡುಗಳು ಭೂಮಿಯ ಮೇಲೆ ಐದು ಕಡೆ ಇವೆ: ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕರಾವಳಿ, ಕ್ಯಾಲಿಫೋರ್ನಿಯಾ, ಮಧ್ಯ ಚಿಲಿ, ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ, ಮತ್ತು ಆಸ್ಟ್ರೇಲಿಯಾದ ನೈಋತ್ಯ ಹಾಗೂ ದಕ್ಷಿಣದ ಅಂಚು. ಈ ನಾಡುಗಳಲ್ಲಿ ವಸಂತ ಬಂದೊಡನೆ ಬಯಲನ್ನು ಹಳದಿ, ಕಿತ್ತಳೆ, ಬಿಳಿ ಬಣ್ಣಗಳಲ್ಲಿ ಮುಚ್ಚಿಬಿಡುವ ಕಾಡುಹೂಗಳಲ್ಲಿ ದೊಡ್ಡ ಪಾಲು ಆಸ್ಟರೇಸಿ ಕುಟುಂಬದ್ದು, ಅಂದರೆ ನಮ್ಮ ಸೇವಂತಿಗೆ, ಸೂರ್ಯಕಾಂತಿ, ಹುಚ್ಚೆಳ್ಳು, ಕುಸುಬೆಗಳ ಬಳಗದ್ದು. ಆ ಬಳಗದ ಕೆಲವನ್ನು ಬೆಂಗಳೂರಿನ ಮನೆಯಂಗಳದಲ್ಲಿ ಹೂಬಿಡಿಸಲು ಒಂದು ಏರುಮಡಿಯನ್ನು, ಅಂದರೆ ಸುತ್ತ ಗೋಡೆ ಕಟ್ಟಿ ನೆಲಕ್ಕಿಂತ ಎತ್ತರಿಸಿದ ಮಡಿಯನ್ನು, ಕಟ್ಟಿದೆ. ಅದನ್ನು ಕಟ್ಟಿದ ಬಗೆ, ಬಿತ್ತಿದ ಕಾಲ, ಮಾರ್ಚ್ ಮುಗಿಯುವವರೆಗೆ ಅದರಲ್ಲಿ ಕಂಡದ್ದು, ಇವೆಲ್ಲವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಈ ಗಿಡಗಳು ನಮ್ಮಲ್ಲಿ ಉಳಿಯದಿದ್ದಾಗ ಬಿಸಿಲನ್ನು ದೂರುವುದು ರೂಢಿಯಾಗಿದೆ. ಅವುಗಳ ನಿಜವಾದ ಶತ್ರು ಬೆಚ್ಚನೆಯ ತೇವ ಎಂಬುದು ನನ್ನ ನಂಬಿಕೆ. ದಕ್ಷಿಣ ಆಫ್ರಿಕಾದ ನಮಾಕ್ವಾಲ್ಯಾಂಡ್ ಎಂಬ ಹೂವಿನ ಬಯಲಿನ ಬಹುಭಾಗದಲ್ಲಿ ವರ್ಷವಿಡೀ ಬೀಳುವ ಮಳೆ 250 ಮಿಲಿಮೀಟರಿಗಿಂತ ಕಡಿಮೆ, ಅದೂ ಚಳಿಯ ತಿಂಗಳುಗಳಲ್ಲಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಒಂದೇ ತಿಂಗಳಿನ ಸರಾಸರಿ ಸುಮಾರು 200 ಮಿಲಿಮೀಟರ್, ಅದೂ ರಾತ್ರಿಯ ತಾಪಮಾನ 19–20 ಡಿಗ್ರಿಗಿಂತ ಕೆಳಗಿಳಿಯದಿರುವಾಗ. ಇಂಥ ಹಸಿಯಲ್ಲಿ ಬೇರಿನ ಬುಡಕ್ಕೆ ಶಿಲೀಂಧ್ರ ಹತ್ತದೆ ಇರುವುದಿಲ್ಲ. ಆದರೆ ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ನವೆಂಬರ್ ಕಳೆದ ಮೇಲೆ ಫೆಬ್ರುವರಿಯವರೆಗೆ ಹಗಲು ಹಿತವಾಗಿಯೂ ರಾತ್ರಿ ತಂಪಾಗಿಯೂ ಗಾಳಿ ಒಣದಾಗಿಯೂ ಇರುತ್ತದೆ. ಆ ಕಿಟಕಿಯೊಳಗೆ ಈ ಗಿಡಗಳ ಇಡೀ ಬಾಳನ್ನು ಕೂರಿಸಬಹುದು.

ಇದಕ್ಕೆ ದಾರಿ ತೋರಿದ್ದು ಉತ್ತರ ಕರ್ನಾಟಕದ ಎರೆಹೊಲ. ಕುಸುಬೆ ಆಸ್ಟರೇಸಿ ಕುಟುಂಬದ ಮುಳ್ಳುಗಿಡ. ಮೆಡಿಟರೇನಿಯನ್ನಿನ ಪೂರ್ವದಂಚಿನಿಂದ ಪಶ್ಚಿಮ ಏಷ್ಯಾದವರೆಗಿನ ಒಣಬೇಸಿಗೆಯ ನಾಡು ಅದರ ತವರು. ಅದನ್ನು ವಿಜಯಪುರ, ಕಲಬುರಗಿಗಳ ರೈತರು ಮುಂಗಾರಿಗೆ ಬಿತ್ತುವುದಿಲ್ಲ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಹಿಂಗಾರಿಗೆ ಬಿತ್ತಿ, ಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಬೆಳೆಸಿ, ಬಿಸಿಲು ಏರುವ ಮೊದಲು ಕೊಯ್ಲು ಮುಗಿಸುತ್ತಾರೆ. ದನಗಳು ಒಳನುಗ್ಗದಂತೆ ಜೋಳದ ಹೊಲದ ಅಂಚಿಗೆ ಅದನ್ನೇ ಸಾಲಾಗಿ ಹಾಕುವ ಪದ್ಧತಿಯೂ ಇದೆ. ಅದರ ಕಾಡುಬಂಧುಗಳಿಗೂ ಇದೇ ಪಂಚಾಂಗವನ್ನು ಹಿಡಿದರೆ ಹೇಗೆ ಎಂಬ ಯೋಚನೆಯೇ ಈ ಕೆಲಸದ ಬುನಾದಿ.

ಆಗಸ್ಟ್: ಜಾಗ ಮತ್ತು ಬಿಸಿಲು

ಮೊದಲು ಮನಸ್ಸಿನಲ್ಲಿದ್ದುದು ತಾರಸಿ. ಅಲ್ಲಿ ಬಿಸಿಲಿಗೆ ತಡೆಯಿಲ್ಲ, ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ತೂಕದ ಲೆಕ್ಕ ಹಾಕಿದ ಮೇಲೆ ಆ ಆಲೋಚನೆಯನ್ನು ಕೈಬಿಟ್ಟೆ. ಜನ ಓಡಾಡುವ ಸಮತಟ್ಟಾದ ಛಾವಣಿಗೆ ಭಾರತೀಯ ಮಾನಕ ಐಎಸ್ 875 ಸೂಚಿಸುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ನನಗೆ ಬೇಕಿದ್ದ 15 ಅಂಗುಲ ಆಳದ, ಜಲ್ಲಿ ಬೆರೆಸಿದ ಮಣ್ಣು ನೀರು ಕುಡಿದು ನಿಂತಾಗ ಚದರ ಮೀಟರಿಗೆ 650 ಕಿಲೋಗೂ ಹೆಚ್ಚು ತೂಗುತ್ತದೆ. ತಾರಸಿ ತೋಟದ ಉತ್ಸಾಹದಲ್ಲಿ ಈ ಲೆಕ್ಕವನ್ನು ಮರೆಯುವವರು ನಮ್ಮ ಬಡಾವಣೆಯಲ್ಲೇ ಹಲವರಿದ್ದಾರೆ. ಎಂಜಿನಿಯರರನ್ನು ಕೇಳದೆ ಛಾವಣಿಯ ಮೇಲೆ ಆಳವಾದ ಮಡಿ ಕಟ್ಟಬಾರದು ಎಂಬುದನ್ನು ಒತ್ತಿ ಹೇಳಬಯಸುತ್ತೇನೆ.

ಹಾಗಾಗಿ ಉಳಿದದ್ದು ಮನೆಯ ಮುಂದಿನ ನೆಲ. ಮನೆಗೆ ದಕ್ಷಿಣದಲ್ಲಿ ರಸ್ತೆ, ರಸ್ತೆಯಂಚಿಗೆ ಐದಡಿ ಎತ್ತರದ ಕಾಂಪೌಂಡ್ ಗೋಡೆ. ಇಲ್ಲಿ ನೋಡಬೇಕಾದದ್ದು ಡಿಸೆಂಬರಿನ ಸೂರ್ಯನನ್ನು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಡುಮಧ್ಯಾಹ್ನದಲ್ಲೂ ಸೂರ್ಯ ದಕ್ಷಿಣದ ಆಕಾಶದಲ್ಲಿ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆಗ ಐದಡಿ ಗೋಡೆಯ ನೆರಳು ಉತ್ತರಕ್ಕೆ ಸುಮಾರು ಮೂರೂ ಮುಕ್ಕಾಲು ಅಡಿ ಚಾಚುತ್ತದೆ. ಮಡಿಯ ಮಣ್ಣೇ 15 ಅಂಗುಲ ಮೇಲಿದ್ದರೆ ಅದೇ ನೆರಳು ಎರಡೂ ಮುಕ್ಕಾಲು ಅಡಿಗೆ ನಿಲ್ಲುತ್ತದೆ. ಇದನ್ನು ಹಗ್ಗ ಹಿಡಿದು ಅಳೆದು, ಗೋಡೆಯಿಂದ ಮೂರಡಿ ಬಿಟ್ಟು, ಪೂರ್ವಪಶ್ಚಿಮವಾಗಿ 12 ಅಡಿ ಉದ್ದ, 3 ಅಡಿ ಅಗಲದ ಗೆರೆಯನ್ನು ಸುಣ್ಣದಪುಡಿಯಲ್ಲಿ ಹಾಕಿದೆ. ಗೋಡೆಗೂ ಮಡಿಗೂ ನಡುವೆ ಉಳಿದ ಮೂರಡಿ ನಡೆದಾಡುವ ದಾರಿಯಾಯಿತು. ಈ ಬಳಗದ ಹಲವು ಹೂಗಳು ಸೂರ್ಯನ ಕಡೆಗೆ ಮುಖ ಮಾಡಿ ನಿಲ್ಲುವುದರಿಂದ, ದಕ್ಷಿಣದ ದಾರಿಯಿಂದ ನೋಡಿದವರಿಗೆ ಹೂವಿನ ಮುಖವೂ ಉತ್ತರದ ಜಗುಲಿಯಿಂದ ನೋಡಿದವರಿಗೆ ಅದರ ಬೆನ್ನೂ ಕಾಣುತ್ತದೆ ಎಂಬುದು ಗೊತ್ತಿದ್ದೇ ಈ ವ್ಯವಸ್ಥೆ ಮಾಡಿದ್ದು.

ಸೆಪ್ಟೆಂಬರ್: ನೆಲ, ಗೋಡೆ, ಮಣ್ಣು

ಗೆರೆಯೊಳಗಿನ ನೆಲವನ್ನು ಅಗೆದಾಗ ಒಂದಡಿಯೊಳಗೇ ಮನೆ ಕಟ್ಟಿದ ಕಾಲದ ಗಾರೆ, ಇಟ್ಟಿಗೆ ಚೂರು, ಸಿಮೆಂಟಿನ ಗಟ್ಟಿಗಳು ಸಿಕ್ಕವು. ಅವುಗಳ ಕೆಳಗಿನ ಕೆಂಪುಮಣ್ಣು ಲಾರಿ ನಿಂತು, ಜನ ತುಳಿದು ಕಲ್ಲಿನಂತಾಗಿತ್ತು. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಅಳತೆಪಟ್ಟಿ ಇಟ್ಟು ನೋಡಿದರೆ ನೀರು ಗಂಟೆಗೆ ಅರ್ಧ ಅಂಗುಲವೂ ಇಳಿಯಲಿಲ್ಲ. ಎರಡನೆಯ ಸಲ ತುಂಬಿಸಿದ ನೀರಿನ ಇಳಿತವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮೊದಲ ನೀರನ್ನು ಒಣಮಣ್ಣು ಹೀರಿಕೊಳ್ಳುವುದರಿಂದ ಅದು ಸುಳ್ಳು ಭರವಸೆ ಕೊಡುತ್ತದೆ. ಹಾರೆಯಿಂದ ತಳವನ್ನು ಇನ್ನೊಂದಡಿ ಸಡಿಲಿಸಿ, ಗಾರೆಯ ಗಟ್ಟಿಗಳನ್ನೆಲ್ಲ ತೆಗೆಸಿದ ಮೇಲೆ ಗಂಟೆಗೆ ಎರಡು ಅಂಗುಲಕ್ಕೆ ಬಂದಿತು. ಅಷ್ಟು ಸಾಕು ಎಂದುಕೊಂಡು ಗೋಡೆಯ ಕೆಲಸಕ್ಕೆ ಕೈಹಾಕಿದೆವು.

ಇಲ್ಲಿ ಮೇಸ್ತ್ರಿಗೂ ನನಗೂ ಒಂದು ಚರ್ಚೆ ನಡೆಯಿತು. ತಳದಲ್ಲಿ ಆರಂಗುಲ ದಪ್ಪ ಜಲ್ಲಿ ಹಾಸಿ ಅದರ ಮೇಲೆ ಮಣ್ಣು ತುಂಬಬೇಕೆಂಬುದು ಅವರ ಮಾತು. "ಎಲ್ಲಾ ಕಡೆ ಹಂಗೇ ಮಾಡೋದು ಅಮ್ಮ, ನೀರು ಬೇಗ ಇಳಿದು ಹೋಗುತ್ತೆ" ಎಂದರು. ಕುಂಡಕ್ಕೆ ಬೋಕಿಚೂರು ಹಾಕುವ ನಮ್ಮೆಲ್ಲರ ಅಭ್ಯಾಸವೂ ಇದೇ ನಂಬಿಕೆಯದು. ಆದರೆ ಸಣ್ಣ ರಂಧ್ರಗಳ ಮಣ್ಣು ತನ್ನಲ್ಲಿರುವ ನೀರನ್ನು ದೊಡ್ಡ ರಂಧ್ರಗಳ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಣ್ಣಿನ ತಳ ಪೂರ್ತಿ ತೊಯ್ದು ತುಂಬುವವರೆಗೆ ನೀರು ಅಲ್ಲಿಯೇ ನಿಂತಿರುತ್ತದೆ. ಜಲ್ಲಿಯ ಪದರ ಹಾಕಿದಷ್ಟೂ ಆ ಹಸಿತಳ ಬೇರಿನ ಹತ್ತಿರಕ್ಕೆ ಏರುತ್ತದೆ. ಬಾಯಿಮಾತಿನಲ್ಲಿ ಇದು ಯಾರಿಗೂ ಒಪ್ಪಿಗೆಯಾಗುವುದಿಲ್ಲವಾದ್ದರಿಂದ ಅಡುಗೆಮನೆಯ ಪಾತ್ರೆ ತೊಳೆಯುವ ಸ್ಪಂಜನ್ನು ತಂದು, ನೀರಿನಲ್ಲಿ ಅದ್ದಿ, ಅಂಗೈ ಮೇಲೆ ಅಡ್ಡಲಾಗಿ ಹಿಡಿದೆ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿದಾಗ, ಹಿಂಡದೆಯೇ, ಮತ್ತೆ ನೀರು ಸುರಿಯಿತು. ಮೇಸ್ತ್ರಿ ಸ್ಪಂಜನ್ನು ತಾವೇ ಕೈಗೆ ತೆಗೆದುಕೊಂಡು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು. "ಹಂಗಾದ್ರೆ ಎತ್ತರ ಕೊಟ್ಟಷ್ಟೂ ಮೇಲಿನ ಮಣ್ಣು ಒಣಗುತ್ತೆ ಅನ್ನಿ. ಜಲ್ಲಿ ಕೆಳಗೆ ಹಾಕೋ ಬದಲು ಮಣ್ಣಲ್ಲೇ ಕಲಸಿಬಿಡೋಣ" ಎಂದು ಅವರೇ ತೀರ್ಮಾನ ಕೊಟ್ಟರು. ಈ ಮಡಿಯ ವಿನ್ಯಾಸವೆಲ್ಲ ಆ ಎರಡು ವಾಕ್ಯಗಳಲ್ಲಿದೆ.

ಗೋಡೆಗೆ ನಾಲ್ಕಂಗುಲದ ಸಾಲಿಡ್ ಬ್ಲಾಕುಗಳನ್ನು ಎರಡು ವರಸೆ ಕಟ್ಟಿ, ಸುತ್ತಲೂ ಎರಡೆರಡು ಅಡಿಗೆ ಒಂದರಂತೆ ತಳಮಟ್ಟದಲ್ಲಿ ಒಂದಂಗುಲದ ಪಿವಿಸಿ ಪೈಪಿನ ತುಂಡುಗಳನ್ನು ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಇಟ್ಟೆವು. ತಳಕ್ಕೆ ಸಿಮೆಂಟು ಹಾಕಲಿಲ್ಲ. ಏಳು ದಿನ ನೀರುಣಿಸಿ, ಗೋಡೆ ಗಟ್ಟಿಯಾದ ಮೇಲೆ ಎರಡು ಜೋರು ಮಳೆ ಅದರ ಮೇಲೆ ಸುರಿದು ಸುಣ್ಣದಂಶ ತೊಳೆದುಹೋಗಲೆಂದು ಖಾಲಿಯೇ ಬಿಟ್ಟೆ.

ಮಣ್ಣಿನ ಮಿಶ್ರಣಕ್ಕೆ ಬುಟ್ಟಿಯ ಅಳತೆಯಲ್ಲಿ ಎರಡು ಪಾಲು ಕೆಂಪುಮಣ್ಣು, ಎರಡು ಪಾಲು ಬೇಬಿ ಜಲ್ಲಿ (ಸಣ್ಣ ಜಲ್ಲಿ), ಒಂದು ಪಾಲು ಎಂ ಸ್ಯಾಂಡ್ ಹಾಕಿದೆ. ಈಗ ಊರಿನಲ್ಲಿ ಹೊಳೆಮರಳಿನ ಬದಲು ಸಿಗುವ ಎಂ ಸ್ಯಾಂಡ್ ಕಲ್ಲು ಪುಡಿಮಾಡಿದ ಮರಳು. ಅದರಲ್ಲಿರುವ ಹಿಟ್ಟಿನಂಥ ಧೂಳು ಮಣ್ಣಿನ ರಂಧ್ರಗಳಿಗೆ ಸೇರಿ ಒಣಗಿದಾಗ ಗಾರೆಯಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಬಾಂಡ್ಲಿಯಲ್ಲಿ ನೀರು ಹಾಕಿ ಕಲಕಿ, ಬೂದಿನೀರನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ತೊಳೆದೆ. ಇಡೀ ಕೆಲಸದಲ್ಲಿ ಬೆನ್ನಿಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದೇ, ಆದರೆ ಬಿಡಬಾರದ್ದೂ ಇದೇ. ಕೊಟ್ಟಿಗೆ ಗೊಬ್ಬರ ಹಾಕಲಿಲ್ಲ. ನೆರೆಯವರಿಗೆ ಇದು ವಿಚಿತ್ರವಾಗಿ ತೋರಿತು. ಗೊಬ್ಬರವಿಲ್ಲದೆ ಹೂವೇ ಎಂದು ಕೇಳಿದವರಿಗೆ ಕೇಪ್ ಪ್ರದೇಶದ, ನೈಋತ್ಯ ಆಸ್ಟ್ರೇಲಿಯಾದ ಮಣ್ಣು ರಂಜಕವೇ ಇಲ್ಲವೆನ್ನುವಷ್ಟು ಬಡಮಣ್ಣೆಂದು ವಿವರಿಸಿದೆ. ಸಾರಜನಕ ಹೆಚ್ಚಿದರೆ ಈ ಗಿಡಗಳು ಎಲೆ ಬೆಳೆಸಿ, ಕಾಂಡ ಮೆತ್ತಗಾಗಿ, ಹೂಬಿಡುವ ಹೊತ್ತಿಗೆ ನೆಲಕ್ಕೊರಗುತ್ತವೆ.

ಬೀಜದ ಆಯ್ಕೆ

ಇಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು. ಕ್ಯಾಲಿಫೋರ್ನಿಯಾದ ಬಯಲುಗಳನ್ನು ಮಾರ್ಚ್-ಏಪ್ರಿಲ್‌ನಲ್ಲಿ ಹಳದಿ ಮಾಡುವ ಲಾಸ್ಥೇನಿಯಾ, ದಳದ ತುದಿಗೆ ಬಿಳಿ ಅಂಚಿರುವ ಲೇಯಾ, ಇವೆರಡರ ಮೇಲೂ ನನಗೆ ಬಹಳ ಆಸೆಯಿದೆ. ಆದರೆ ಹೊರದೇಶದ ಬೀಜವನ್ನು ತರಿಸಲು 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಲಕೋಟೆಯಲ್ಲಿಟ್ಟು ತರಿಸುವುದು ಕಾನೂನಿಗೂ ನೆಲಕ್ಕೂ ದ್ರೋಹ. ಏಕೆ ಎಂಬುದಕ್ಕೆ ಬೆಂಗಳೂರಿಗರು ದೂರ ಹೋಗಬೇಕಾಗಿಲ್ಲ. ನಮ್ಮ ಖಾಲಿ ಸೈಟುಗಳನ್ನೆಲ್ಲ ಆಕ್ರಮಿಸಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಇದೇ ಆಸ್ಟರೇಸಿ ಕುಟುಂಬದ್ದು. ಅಮೆರಿಕ ಖಂಡದಿಂದ ಬಂದು, 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ದೇಶವನ್ನೇ ವ್ಯಾಪಿಸಿತು. ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬಿಡುಗಡೆ ಮಾಡಿದ್ದೂ ಬೆಂಗಳೂರಿನಲ್ಲೇ.

ಆದ್ದರಿಂದ ಊರಿನ ಬೀಜದಂಗಡಿಗಳಲ್ಲಿ ಚಳಿಗಾಲದ ಹೂವೆಂದು ಬಹುಕಾಲದಿಂದ ಮಾರಾಟವಾಗುತ್ತಿರುವ ಬಗೆಗಳನ್ನು ಮಾತ್ರ ಆರಿಸಿದೆ. ನಮಾಕ್ವಾಲ್ಯಾಂಡಿನ ಕಿತ್ತಳೆ ಡೈಮಾರ್ಫೊಥೀಕಾ, ಮೆಡಿಟರೇನಿಯನ್ ಕರಾವಳಿಯ ಹಳದಿ ಗ್ಲೆಬಿಯೊನಿಸ್ ಹಾಗೂ ಕ್ಯಾಲೆಂಡುಲಾ, ಅಂಗಡಿಯವರು ಅಕ್ರೊಕ್ಲಿನಿಯಂ ಎಂದು ಕೊಡುವ ನೈಋತ್ಯ ಆಸ್ಟ್ರೇಲಿಯಾದ ಗುಲಾಬಿ ಬಣ್ಣದ ರೋಡಾಂತೆ, ಇವು ಬೀಜದಿಂದ. ದಕ್ಷಿಣ ಆಫ್ರಿಕಾದ ಗಜಾನಿಯಾವನ್ನು ಮಾತ್ರ ನರ್ಸರಿಯಿಂದ ಸಸಿಯಾಗಿ ತಂದೆ. ಅಂಗಡಿಯ ಬೀಜ ಬಣ್ಣಕ್ಕಾಗಿ ಆಯ್ದದ್ದಿರಬಹುದು; ಆದರೂ ಗಿಡದ ನಡವಳಿಕೆ ಕಾಡಿನದೇ.

ನವೆಂಬರ್ ಆರಂಭ: ಬಿತ್ತನೆ

ಹಸ್ತ, ಚಿತ್ತೆ ಮಳೆಗಳು ಕಳೆಯುವವರೆಗೆ ಪೊಟ್ಟಣ ತೆರೆಯಲಿಲ್ಲ. ಸ್ವಾತಿ ಮಳೆಯ ಕೊನೆಯ ದಿನಗಳಲ್ಲಿ, ಅಂದರೆ ನವೆಂಬರ್ ಕಾಲಿಡುವಾಗ, ರಾತ್ರಿ ತಂಪಾಗತೊಡಗಿದ ಮೇಲೆ ಬಿತ್ತಿದೆ. ಇದರ ಹಿಂದೆ ಒಂದು ಮುಖ್ಯ ಕಾರಣವಿದೆ. ಒಣಬೇಸಿಗೆಯ ನಾಡಿನ ಏಕವಾರ್ಷಿಕ ಗಿಡಗಳ ಬೀಜಗಳಲ್ಲಿ ಹಲವು ಬೆಚ್ಚನೆಯ ಮಣ್ಣಿನಲ್ಲಿ ತೇವ ಸಿಕ್ಕರೂ ಮೊಳೆಯುವುದಿಲ್ಲ. ಬೇಸಿಗೆಯ ನಡುವೆ ಅಪರೂಪಕ್ಕೆ ಬೀಳುವ ಒಂದು ಮಳೆಗೆ ಮೊಳೆತರೆ ಮುಂದಿನ ವಾರವೇ ಒಣಗಿ ಸಾಯಬೇಕಾದೀತು. ತಂಪು ಮತ್ತು ತೇವ ಒಟ್ಟಿಗೆ ಬಂದಾಗ ಮಾತ್ರ ಏಳುವ ಬೀಜವೇ ಆ ನಾಡಿನಲ್ಲಿ ಉಳಿದುಕೊಂಡಿದೆ. ಇದೇ ಕುಟುಂಬದ ಲೆಟಿಸ್ ಸೊಪ್ಪಿನ ಬೀಜ ಬೇಸಿಗೆಯಲ್ಲಿ ಮೊಳೆಯದೆ ಸತಾಯಿಸುವುದನ್ನು ತರಕಾರಿ ಬೆಳೆಯುವವರು ಬಲ್ಲರು.

ಬೀಜವನ್ನು ಒಣ ಎಂ ಸ್ಯಾಂಡಿನಲ್ಲಿ ಬೆರೆಸಿ ಎರಚಿ, ಹಲಗೆಯಿಂದ ಮೆಲ್ಲಗೆ ಒತ್ತಿ, ಮೇಲೆ ಬೇಬಿ ಜಲ್ಲಿಯನ್ನು ತೆಳುವಾಗಿ ಚೆಲ್ಲಿದೆ. ಈ ಜಲ್ಲಿಹೊದಿಕೆ ಮಳೆಹನಿಯ ಪೆಟ್ಟಿಗೆ ಬೀಜ ಚದುರದಂತೆ ತಡೆಯುತ್ತದೆ, ಸಸಿಯ ಕೊರಳನ್ನು ಒಣದಾಗಿಡುತ್ತದೆ. ಇರುವೆಗಳು ಬೀಜ ಹೊತ್ತುಹೋಗುವುದನ್ನೂ ಅದು ಬಹುಮಟ್ಟಿಗೆ ನಿಲ್ಲಿಸಿತು.

ಹೊಗೆಯ ವಿಷಯವನ್ನೂ ಹೇಳಬೇಕು. ಕಾಡ್ಗಿಚ್ಚಿನ ಹೊಗೆಗೆ ಬೀಜಗಳು ಮೊಳೆಯುತ್ತವೆ ಎಂಬುದನ್ನು ದಕ್ಷಿಣ ಆಫ್ರಿಕಾದ ಸಂಶೋಧಕರು 1990ರಲ್ಲಿ ಕೇಪ್ ಪ್ರದೇಶದ ಫೈನ್‌ಬಾಸ್ ಎಂಬ ಕುರುಚಲು ಕಾಡಿನ ಒಂದು ಪೊದೆಯ ಮೇಲೆ ತೋರಿಸಿದರು. ಆಮೇಲೆ ಸಿಂಕಾರ್ಫಾ ಎಂಬ ಒಣಹೂವಿನ ಗಿಡ, ಅದೂ ಆಸ್ಟರೇಸಿಯದೇ, ಹೊಗೆಗೆ ಚೆನ್ನಾಗಿ ಸ್ಪಂದಿಸುವುದು ತಿಳಿಯಿತು. ಹೊಗೆಯಲ್ಲಿ ಈ ಕೆಲಸ ಮಾಡುವ ಕ್ಯಾರಿಕಿನ್ ಎಂಬ ಅಣುವನ್ನು ಗುರುತಿಸಿದ್ದು 2004ರಲ್ಲಿ. ಒಣಹುಲ್ಲಿನ ಹೊಗೆಯನ್ನು ನೀರಿಗೆ ಹಾಯಿಸಿ, ಆ ನೀರನ್ನು ರೋಡಾಂತೆ ಬೀಜದ ಒಂದು ಟ್ರೇಗೆ ಮಾತ್ರ ಹಾಕಿ ನೋಡಿದೆ. ಹೊಗೆನೀರಿಲ್ಲದ ಟ್ರೇಯೂ ಅಷ್ಟೇ ಚೆನ್ನಾಗಿ ಮೊಳೆಯಿತು. ಮನೆಯ ಮಟ್ಟಿಗೆ ಈ ಏಕವಾರ್ಷಿಕಗಳಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ.

ನವೆಂಬರ್ ನಮ್ಮೂರಿನಲ್ಲಿ ನಂಬುವಂಥ ತಿಂಗಳಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ದಿನವಿಡೀ ಮೋಡ ಕವಿದು ಜಿಟಿಜಿಟಿ ಹನಿಯುತ್ತದೆ. ಎಳೆಸಸಿಗಳಿಗೆ ಜೋರು ಮಳೆಗಿಂತ ಈ ಬಿಡದ ಹನಿಯೇ ಅಪಾಯ. ಬುಡಕೊಳೆ ತಗುಲಿದರೆ ಸಂಜೆ ನಿಂತಿದ್ದ ಸಸಿ ಬೆಳಗ್ಗೆ ದಾರದಂತೆ ಬಾಗಿ ಮಲಗಿರುತ್ತದೆ. ಅದಕ್ಕೆಂದೇ ಅರ್ಧ ಅಂಗುಲದ ಪಿವಿಸಿ ಪೈಪನ್ನು ಕಮಾನಾಗಿ ಬಗ್ಗಿಸಿ, ಗೋಡೆಯ ಒಳಮಗ್ಗುಲಲ್ಲಿ ನೆಟ್ಟ ಕಬ್ಬಿಣದ ಸರಳುಗಳಿಗೆ ಸಿಕ್ಕಿಸಿ, ಮೇಲೆ ದಪ್ಪ ಪಾಲಿಥೀನ್ ಹೊದಿಸುವ ಏರ್ಪಾಡು ಮಾಡಿಟ್ಟಿದ್ದೆ. ಎರಡು ತುದಿಗಳನ್ನೂ ತೆರೆದೇ ಬಿಡಬೇಕು. ಮುಚ್ಚಿದರೆ ಒಳಗೆ ಬೆವರು ಕಟ್ಟಿ ಮಳೆಗಿಂತ ಹೆಚ್ಚು ಹಾನಿಯಾಗುತ್ತದೆ. ಚಂಡಮಾರುತದ ಮೋಡ ಕವಿದ ದಿನಗಳಲ್ಲಿ ಹೊದಿಸಿ, ಬಿಸಿಲು ಬಂದೊಡನೆ ತೆಗೆಯುತ್ತಿದ್ದೆ. ಗೋಡೆಯ ತಳದ ಪೈಪುಗಳಿಂದ ನೀರು ಹನಿಯುವುದು ಕಾಣುತ್ತಿತ್ತು, ಮಡಿಯ ಮೇಲೆ ಎಲ್ಲಿಯೂ ನೀರು ನಿಲ್ಲಲಿಲ್ಲ.

ಡಿಸೆಂಬರಿನಲ್ಲಿ ಸಸಿಗಳನ್ನು ಗೇಣಿಗೊಂದರಂತೆ ಕಿತ್ತು ಅಂತರ ಮಾಡಿದೆ. ವಾರಕ್ಕೊಮ್ಮೆ ಆಳವಾಗಿ ನೀರು, ನಡುವೆ ಏನೂ ಇಲ್ಲ. ಕೊಳವೆಬಾವಿಯ ಗಡಸುನೀರು ಮಣ್ಣಿನ ಮೇಲೆ ಬಿಳಿ ಪದರ ಬಿಡುವುದರಿಂದ ಕಾವೇರಿ ನೀರನ್ನೇ ಬಳಸಿದೆ. ಕ್ಯಾಲೆಂಡುಲಾ ಎಲೆಗಳಲ್ಲಿ ರಂಗೋಲಿ ಹುಳು ಬಿಳಿ ಗೆರೆ ಎಳೆಯಿತು. ಅಂಥ ಎಲೆಗಳನ್ನು ಚಿವುಟಿ ಹಾಕಿದ್ದಷ್ಟೇ ಚಿಕಿತ್ಸೆ. ಆಫ್ರಿಕದ ದೈತ್ಯ ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಬೇಕಾಯಿತು. ಕೈಗವಸು ಹಾಕಿಕೊಂಡೇ ಈ ಕೆಲಸಗಳನ್ನು ಮಾಡುವುದು ಒಳ್ಳೆಯದು. ಕಾಂಗ್ರೆಸ್ ಗಿಡದಿಂದ ಮೈ ತುರಿಸುವವರಿಗೆ ಅದೇ ಬಗೆಯ ರಾಸಾಯನಿಕಗಳಿರುವ ಈ ಕುಟುಂಬದ ಇತರ ಗಿಡಗಳಿಂದಲೂ ಚರ್ಮ ಕೆರಳಬಹುದು.

ಜನವರಿ, ಫೆಬ್ರುವರಿ: ಹೂ

ಸಂಕ್ರಾಂತಿಯ ಹೊತ್ತಿಗೆ ಡೈಮಾರ್ಫೊಥೀಕಾ ಅರಳಿತು, ಅದರ ಹಿಂದೆ ಕ್ಯಾಲೆಂಡುಲಾ, ಕೊನೆಗೆ ಗ್ಲೆಬಿಯೊನಿಸ್. ಭೂತಗನ್ನಡಿ ಹಿಡಿದು ಒಂದು ಹೂವಿನ ಮುಂದೆ ಕೂತರೆ ಈ ಕುಟುಂಬದ ಜಾಣತನವೆಲ್ಲ ಅಲ್ಲಿ ಕಾಣುತ್ತದೆ. ನಾವು ಒಂದು ಹೂ ಎನ್ನುವುದು ಹತ್ತಾರು ಕಿರುಹೂಗಳ ಚೆಂಡು. ಸುತ್ತಲಿನ ದಳದಂತಿರುವ ಒಂದೊಂದೂ ಒಂದು ಕಿರುಹೂ, ನಡುವಿನ ತಟ್ಟೆಯಲ್ಲಿ ಒತ್ತಾಗಿ ನಿಂತಿರುವ ಒಂದೊಂದು ಚುಕ್ಕಿಯೂ ಒಂದು ಕಿರುಹೂ. ನಡುವಿನವು ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ದಿನದಿನ ಅರಳುತ್ತ ಹೋಗುತ್ತವೆ. ಅರಳಿದ ಕಿರುಹೂವಿನೊಳಗೆ ಐದು ಪರಾಗಕೋಶಗಳು ಅಂಟಿಕೊಂಡು ಕೊಳವೆಯಾಗಿರುತ್ತವೆ. ಪರಾಗ ಆ ಕೊಳವೆಯ ಒಳಕ್ಕೆ ಉದುರುತ್ತದೆ. ಕೆಳಗಿನಿಂದ ಬೆಳೆಯುವ ಶಲಾಕೆ ಅದನ್ನು ಮೇಲಕ್ಕೆ ದೂಡಿ, ತುದಿಯಲ್ಲಿ ಹಳದಿ ಗುಪ್ಪೆಯಾಗಿ ಒಡ್ಡುತ್ತದೆ. ಜೇನು ಅದನ್ನು ಕೊಂಡೊಯ್ದ ಮೇಲೆಯೇ ಶಲಾಕೆಯ ತುದಿ ಎರಡಾಗಿ ಬಿಚ್ಚಿ, ಬೇರೆಡೆಯ ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ಒಂದೇ ಚೆಂಡಿನಲ್ಲಿ ಹೊರಸುತ್ತು ಹೆಣ್ಣಿನ ಹಂತದಲ್ಲೂ ಒಳಸುತ್ತು ಗಂಡಿನ ಹಂತದಲ್ಲೂ ನಡುಮಧ್ಯ ಇನ್ನೂ ಮೊಗ್ಗಿನಲ್ಲೂ ಇರುವುದನ್ನು ಒಂದು ನೋಟದಲ್ಲಿ ಕಾಣಬಹುದು. ಗಜಾನಿಯಾದ ಅಂಚಿನ ಕಿರುಹೂಗಳು ಮಾತ್ರ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಜೇನನ್ನು ಕರೆಯುವುದಷ್ಟೇ ಅವುಗಳ ಕೆಲಸ.

ಹೂಗಳು ಬೆಳಗಿನ ಇಬ್ಬನಿ ಆರಿ ಬಿಸಿಲು ಬಲಿತ ಮೇಲೆ ತೆರೆದು, ಸಂಜೆಗೆ ಮುಚ್ಚಿಕೊಳ್ಳುತ್ತಿದ್ದವು. ಮೋಡವಿದ್ದ ದಿನ ತೆರೆಯಲೇ ಇಲ್ಲ. ಕಚೇರಿಗೆ ಹೋಗಿ ಬರುವ ಮನೆಮಂದಿಗೆ ವಾರದ ದಿನಗಳಲ್ಲಿ ಹೂ ಕಾಣದೆ ಹೋಗುವ ಸಂಕಟವಿದೆ, ಅದನ್ನು ಮೊದಲೇ ತಿಳಿದಿರಬೇಕು. ತೆರೆದಿದ್ದ ಹೊತ್ತಿನಲ್ಲಿ ತುಡುವೆ ಜೇನೂ ಕೋಲುಜೇನೂ ಬಿಡದೆ ಬಂದವು.

ರೋಡಾಂತೆಯದು ಬೇರೆಯೇ ರೀತಿ. ಅದಕ್ಕೆ ಅಂಚಿನ ಕಿರುಹೂಗಳೇ ಇಲ್ಲ. ಗುಲಾಬಿ ದಳವೆಂದು ತೋರುವುದು ಚೆಂಡನ್ನು ಸುತ್ತುವರಿದ ಕಾಗದದಂಥ ತೊಟ್ಟೆಲೆಗಳು. ಗಿಡದಲ್ಲಿ ಜೀವಂತವಾಗಿದ್ದಾಗಲೇ ಅವು ಒಣಗಿ ಗರಿಗರಿಯಾಗಿರುತ್ತವೆ. ಕೊಯ್ದು ಒಣಗಿಸಿದ ಹೂವೊಂದಕ್ಕೆ ನೀರು ಚಿಮುಕಿಸಿದಾಗ ತೊಟ್ಟೆಲೆಗಳು ಕೆಲವೇ ನಿಮಿಷಗಳಲ್ಲಿ ಮೇಲೆದ್ದು ಮುಚ್ಚಿಕೊಂಡವು, ಬಿಸಿಲಿಗಿಟ್ಟರೆ ಮತ್ತೆ ಬಿಚ್ಚಿಕೊಂಡವು. ತೇವಕ್ಕೆ ಉಬ್ಬುವ ಸತ್ತ ಕೋಶಗಳಿಂದಲೇ ಈ ಚಲನೆ ನಡೆಯುತ್ತದೆ. ಮಳೆಯಿಂದ ಪರಾಗವನ್ನು ಕಾಯಲು ಗಿಡ ಒಂದು ಹನಿ ಶಕ್ತಿಯನ್ನೂ ವ್ಯಯಿಸಬೇಕಾಗಿಲ್ಲ ಎಂಬುದು ನನ್ನನ್ನು ಬಹಳ ಹೊತ್ತು ಅಲ್ಲೇ ಕೂರಿಸಿತು.

ಮಾರ್ಚ್: ಬೀಜ

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ನೀರು ನಿಲ್ಲಿಸಿದೆ. ಬೀಜ ಗಾಳಿಗೆ ಹಾರದಿರಲೆಂದು ಬಲಿಯುತ್ತಿದ್ದ ಚೆಂಡುಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಉಳಿದವನ್ನು ಬಾಡುತ್ತಿದ್ದಂತೆ ಕತ್ತರಿಸಿದೆ. ಕ್ಯಾಲೆಂಡುಲಾದ ಒಂದೇ ಚೆಂಡನ್ನು ಬಿಳಿ ಕಾಗದದ ಮೇಲೆ ಬಿಡಿಸಿದಾಗ ಮೂರು ಆಕಾರದ ಕಾಯಿಗಳು ಸಿಕ್ಕವು: ಹೊರಗಿನವು ಕೊಕ್ಕಿನಂತೆ ಚಾಚಿ ಬೆನ್ನ ಮೇಲೆ ಮುಳ್ಳಿರುವವು, ನಡುವಿನವು ದೋಣಿಯಂತೆ ರೆಕ್ಕೆ ಅಗಲಿಸಿದವು, ಒಳಗಿನವು ಉಂಗುರದಂತೆ ಸುರುಳಿಯಾದ ಚಿಕ್ಕವು. ಡೈಮಾರ್ಫೊಥೀಕಾದಲ್ಲಿ ಅಂಚಿನ ಕಿರುಹೂಗಳಿಂದ ಗಂಟುಗಂಟಾದ ರೆಕ್ಕೆಯಿಲ್ಲದ ಕಾಯಿ, ನಡುವಿನವುಗಳಿಂದ ಚಪ್ಪಟೆಯಾದ ತೆಳುರೆಕ್ಕೆಯ ಕಾಯಿ. ಒಂದು ಬಗೆ ತಾಯಿಗಿಡದ ಬುಡದಲ್ಲೇ ಉಳಿದು ಕಾಯುತ್ತದೆ, ಇನ್ನೊಂದು ಗಾಳಿಯೊಡನೆ ಹೊಸ ಜಾಗ ಹುಡುಕುತ್ತದೆ. ಮಳೆಯನ್ನು ನಂಬಲಾಗದ ನಾಡಿನಲ್ಲಿ ಎಲ್ಲ ಬೀಜವನ್ನೂ ಒಂದೇ ಕಡೆ, ಒಂದೇ ವರ್ಷಕ್ಕೆ ಪಣವಿಡುವುದಿಲ್ಲ. ಇವೆರಡನ್ನೂ ಬೇರೆಬೇರೆ ಪೊಟ್ಟಣಗಳಲ್ಲಿ ಕಟ್ಟಿಟ್ಟಿದ್ದೇನೆ, ಯಾವುದು ಮೊದಲು ಏಳುತ್ತದೆಂದು ಮುಂದಿನ ಹಿಂಗಾರಿನಲ್ಲಿ ಅಕ್ಕಪಕ್ಕ ಬಿತ್ತಿ ನೋಡಲು.

ಪೊಟ್ಟಣಗಳನ್ನು ಫ್ರಿಜ್ಜಿನಲ್ಲಿಡದೆ ಒಣಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಸಜ್ಜೆಯ ಮೇಲಿಟ್ಟಿದ್ದೇನೆ. ಚಳಿಯಲ್ಲಿ ಮೊಳೆಯುವ ಇಂಥ ಏಕವಾರ್ಷಿಕಗಳ ಹೊಸಬೀಜದಲ್ಲಿ ಕೊಯ್ಲಿನ ಹೊತ್ತಿಗೆ ನಿದ್ದೆ ಉಳಿದಿರುವುದುಂಟು; ಕೆಲವು ತಿಂಗಳು ಬೆಚ್ಚಗೆ, ಒಣಗಿ ಇದ್ದಾಗ ಅದು ತಾನಾಗಿ ಕಳೆಯುತ್ತದೆ. ಅವುಗಳ ತವರಿನ ಒಣಬೇಸಿಗೆ ಮಾಡುವ ಕೆಲಸವನ್ನು ನಮ್ಮ ಏಪ್ರಿಲ್-ಮೇ ತಿಂಗಳ ಸಜ್ಜೆಯೇ ಮಾಡಿಕೊಡಬಲ್ಲದು.

ಮಡಿಯಲ್ಲಿ ಈಗ ಉಳಿದಿರುವುದು ಬಹುವಾರ್ಷಿಕವಾದ ಗಜಾನಿಯಾ ಮಾತ್ರ, ಪಶ್ಚಿಮದ ತುದಿಯ ನಾಲ್ಕಡಿಯಲ್ಲಿ. ಭರಣಿ ಮಳೆಯಿಂದ ಸ್ವಾತಿಯವರೆಗೆ ಅದನ್ನು ತೇವದಿಂದ ಕಾಯಲು ಎಲ್ ಆಂಗಲ್‌ನಿಂದ ನಾಲ್ಕು ಕಾಲಿನ ಚೌಕಟ್ಟೊಂದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿದ್ದೇನೆ: ಮುಂದೆ ಎರಡೂವರೆ ಅಡಿ, ಹಿಂದೆ ಎರಡಡಿ ಎತ್ತರ, ಮೇಲೆ ಪಾಲಿಕಾರ್ಬೊನೇಟ್ ಹಾಳೆ, ನಾಲ್ಕು ಪಕ್ಕವೂ ಗಾಳಿಗೆ ತೆರೆದದ್ದು. ಹಾಳೆಯ ನೀರು ಹಿಂದಿನ ಅಂಚಿನಿಂದ ಮಡಿಯ ಹೊರಕ್ಕೆ, ಜಗುಲಿಯ ಕಡೆಯ ಚರಂಡಿಗೆ ಬೀಳಬೇಕಾದ್ದರಿಂದ ಅದನ್ನು ಆ ಕಡೆ ಆರಂಗುಲ ಹೊರಕ್ಕೆ ಚಾಚಿಸಲು ಹೇಳಿದ್ದೇನೆ. ಉಳಿದ ಎಂಟಡಿಯನ್ನು ಮಳೆಗಾಲದಲ್ಲಿ ಖಾಲಿ ಬಿಟ್ಟು, ಬೇರೂರುವ ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲೇ ಕಿತ್ತು, ಸೆಪ್ಟೆಂಬರಿನಲ್ಲಿ ಅದರ ಅರ್ಧ ಭಾಗದಲ್ಲಿ ಬೇಬಿ ಜಲ್ಲಿಯ ಬದಲಿಗೆ ಜರಡಿ ಹಿಡಿದ ಇಟ್ಟಿಗೆ ಚೂರನ್ನು ಬೆರೆಸಬೇಕೆಂದಿದ್ದೇನೆ. ಇಟ್ಟಿಗೆ ಚೂರು ತನ್ನೊಳಗೆ ಸ್ವಲ್ಪ ನೀರು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಫೆಬ್ರುವರಿಯಲ್ಲಿ ವಾರದ ನೀರನ್ನು ಹದಿನೈದು ದಿನಕ್ಕೆ ಇಳಿಸಲು ಅದು ನೆರವಾದರೆ ಇಡೀ ಮಡಿಗೂ ಅದನ್ನೇ ಹಾಕುತ್ತೇನೆ.